ಕುಪ್ಪಮ್ಮನ ಹೆಸರು

ಕ್ಯಾನ್ಸರ್ ಮೂಳೆಗೆ ಇಳಿದ ಮೇಲೆ ಲಿಂಗಸಾಮಿಗೆ ಮಲಗುವುದೇ ಶಿಕ್ಷೆಯಾಯಿತು. ಕೊಯಮತ್ತೂರಿನ ಆಸ್ಪತ್ರೆಯ ಮಾತ್ರೆ ನುಂಗಿದರೆ ವಾಂತಿ, ನುಂಗದಿದ್ದರೆ ನರಳಾಟ. ಆನೈಮಲೈ ಊರಾಚೆಯ ತೆಂಗಿನ ತೋಟದ ಮನೆಯಲ್ಲಿ ಹೆಂಡತಿ ಕುಪ್ಪಮ್ಮ ಅವನ ಬೆನ್ನು ನೀವುತ್ತ ಕೂತಿರುತ್ತಿದ್ದಳು.

ಬೆಟ್ಟದಿಂದ ಜೇನು ಮಾರಲು ಬರುತ್ತಿದ್ದ ಮುದುಕಿಯೊಬ್ಬಳು ಆ ನರಳಾಟ ಕೇಳಲಾರದೆ, ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಗಾಂಜಾ ಬೀಜ ಕೊಟ್ಟುಹೋದಳು. ಕುಪ್ಪಮ್ಮ ಅದನ್ನು ಕೊಟ್ಟಿಗೆಯ ಹಿಂದೆ ಊರಿದಳು. ಗಿಡ ಆಳೆತ್ತರ ಬೆಳೆಯಿತು. ಎಲೆ ತಿಕ್ಕಿದರೆ ಮಾವಿನಶುಂಠಿ ಜಜ್ಜಿದ ಹಾಗೆ ವಾಸನೆ. ಅದನ್ನು ಹಾಲಿಗೆ ಹಾಕಿ ಕುದಿಸಿ, ಸೋಸಿ ಕುಡಿಸಿದಳು.

ಎಷ್ಟೋ ತಿಂಗಳ ಮೇಲೆ ಲಿಂಗಸಾಮಿ ಒಂದು ಬೆಳಿಗ್ಗೆ ನಗುತ್ತ ಕಣ್ಣುಬಿಟ್ಟ. “ಕುಪ್ಪಿ, ಕನಸು ಬಂತು ಕಣೆ” ಎಂದ. ಕನಸು ಬೀಳುವಷ್ಟು ನಿದ್ದೆ ಬಂತಲ್ಲ ಎಂದು ಅವಳು ಒಲೆಯ ಮುಂದೆ ಕೂತು ಅತ್ತಳು. ನೋವಿಲ್ಲದ ಅಂಥ ಕೆಲವು ವಾರ ಕಳೆದು ಅವನು ತೀರಿಕೊಂಡ.

ಕರ್ಮಾಂತರಕ್ಕೆ ಅವನ ತಂಗಿಯ ಮಗ ಇಳಂಗೋ ಬಂದ. ಚಿಕ್ಕಂದಿನಲ್ಲೇ ತಾಯಿ ಸತ್ತು, ಕುಪ್ಪಮ್ಮನ ಕೈತುತ್ತು ತಿಂದು ಬೆಳೆದವನು. ಈಗ ಕೊಯಮತ್ತೂರಿನ ಪೀಳಮೇಡಿನಲ್ಲಿ ಕಾಲೇಜು, ಗೆಳೆಯರೊಂದಿಗೆ ಬಾಡಿಗೆ ರೂಮು. ಕೊಟ್ಟಿಗೆಯ ಹಿಂದೆ ಹೋದವನು ಗಿಡದ ಮುಂದೆ ನಿಂತುಬಿಟ್ಟ.

“ಅತ್ತೆ, ಇದು ಏನು ಗೊತ್ತಾ?”

“ನಿಮ್ಮ ಮಾವನ ಮದ್ದು ಕಣಪ್ಪ. ಕಿತ್ತಾಕಬೇಕು. ಮನಸು ಬರ್ತಾ ಇಲ್ಲ.”

ಕಾಲೇಜಿಗೆ ವಾಪಸು ಹೊರಟಾಗ ಅವನ ಜೇಬಿನಲ್ಲಿ ಆ ಗಿಡದ ಬೀಜಗಳಿದ್ದವು. ಅವಳಿಗೆ ಅದು ತಿಳಿಯಲಿಲ್ಲ.

ಬೆಟ್ಟದ ಬುಡದಲ್ಲಿ ಯಾರದೋ ಗುತ್ತಿಗೆ ಜಮೀನಿನಲ್ಲಿ ಇಳಂಗೋ ಮತ್ತು ಗೆಳೆಯರು ಬೀಜ ಬಿತ್ತಿದರು. ಪೀಳಮೇಡಿನ ರೂಮುಗಳಲ್ಲಿ ಆ ವಾಸನೆಗೆ ಹುಡುಗರು ಮರುಳಾದರು. ಯಾವ ಜಾತಿಯದು, ಏನು ಹೆಸರು ಎಂದು ಯಾರೋ ಕೇಳಿದಾಗ ಇಳಂಗೋ ಯೋಚಿಸದೆ ಹೇಳಿದ: “ಕುಪ್ಪಮ್ಮ.” ಎಲ್ಲರೂ ನಕ್ಕರು. ಹೆಸರು ನಿಂತುಬಿಟ್ಟಿತು.

ಕುಪ್ಪಮ್ಮನ ಮಗಳು ತೆನ್ಮೊಳಿ ಮದುವೆಯಾಗಿ ತಿರುಪ್ಪೂರಿಗೆ ಹೋದವಳು, ಅಲ್ಲಿನ ಬನಿಯನ್ ಕಂಪನಿಯೊಂದರಲ್ಲಿ ಹೊಲಿಗೆ ತಪಾಸಣೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಟೀ ಅಂಗಡಿಯಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು “ಕುಪ್ಪಮ್ಮಾ ಇರುಕ್ಕಾ?”, ಇದೆಯಾ, ಎಂದು ತಮಿಳಿನಲ್ಲಿ ಕೇಳಿದ. ಅಮ್ಮನನ್ನು ಯಾರೋ ಕೇಳುತ್ತಿದ್ದಾರೆಂದು ತೆನ್ಮೊಳಿ ತಿರುಗಿ, “ಊರಲ್ಲಿದ್ದಾರೆ, ನೀವು ಯಾರು?” ಎಂದಳು. ಹುಡುಗರು ಮುಖ ಮುಖ ನೋಡಿಕೊಂಡು ನಗು ತಡೆಯಲಾರದೆ ಓಡಿಹೋದರು. ಅವರು ಕೇಳಿದ್ದು ಏನೆಂದು ಅಂಗಡಿಯವನು ಮೆಲ್ಲಗೆ ಹೇಳಿದ. ಲೋಟ ಅಲ್ಲೇ ಇಟ್ಟು ಎದ್ದಳು.

ಅವಳು ಅಮ್ಮನಿಗೆ ಏನೂ ಹೇಳಲಿಲ್ಲ. ಪೊಲೀಸರೇ ಹೇಳಿದರು. ಪೀಳಮೇಡಿನಲ್ಲಿ ಸಿಕ್ಕಿಬಿದ್ದ ಹುಡುಗನೊಬ್ಬನ ಫೋನಿನಲ್ಲಿ ‘ಆನೈಮಲೈ ಕುಪ್ಪಮ್ಮ’ ಎಂದಿತ್ತು. ಮೊದಲು ಇಳಂಗೋನನ್ನು ಹಿಡಿದರು, ಆಮೇಲೆ ತೋಟಕ್ಕೆ ಬಂದರು. ಕೊಟ್ಟಿಗೆಯ ಹಿಂದೆ ಗಿಡ ಇನ್ನೂ ಇತ್ತು.

“ನೀನೇನಾ ಕುಪ್ಪಮ್ಮ?”

“ನಾನೇ ಸಾಮಿ” ಎಂದು ಅವಳು ಕೈಮುಗಿದಳು. ಜೀಪಿನ ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

ಜಾಮೀನಿನ ಮೇಲೆ ಅವಳು ಹೊರಗೆ ಬರುವಷ್ಟರಲ್ಲಿ ಊರು ಬದಲಾಗಿತ್ತು. ಅವಳಿಂದ ಹಾಲು ತೆಗೆದುಕೊಳ್ಳುತ್ತಿದ್ದ ಮನೆಗಳು ಬೇಡವೆಂದವು. ರಸ್ತೆಗೆ ಹೋದರೆ ಬೈಕಿನ ಹುಡುಗರು ಅವಳ ಹೆಸರು ಕೂಗಿ ಹೋಗುತ್ತಿದ್ದರು.

“ಮಾಸಾಣಿಯಮ್ಮನ ಗುಡಿಗೆ ಹೋಗಿ ಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಹಚ್ಚವ್ವ. ಅನ್ಯಾಯ ಮಾಡಿದವನಿಗೆ ಅವಳೇ ಕೊಡ್ಲಿ” ಎಂದಳು ತೆನ್ಮೊಳಿ.

“ಯಾರ ಮೇಲೆ ಅರೀಲಿ ನನ್ನ ಕಣ್ಣೇ? ನಾನು ಉಣ್ಣಿಸಿ ಬೆಳೆಸಿದ ಮಗೂನ ಮೇಲಾ?”

ಆ ಮಗು ಒಂದು ದಿನ ಬಂದೇ ಬಂದ. ಜೈಲಿನಿಂದ ಬಿಟ್ಟಿದ್ದರು, ಕಾಲೇಜು ಹೊರಹಾಕಿತ್ತು. ಜಗಲಿಯ ಕೆಳಗೆ ನಿಂತು, ಚಪ್ಪಲಿ ಕಳಚಲೂ ಹೆದರಿದ. ಕುಪ್ಪಮ್ಮ ಒಳಗೆ ಕರೆದು ಅನ್ನ ಬಡಿಸಿದಳು. ಅವನು ಕೈಯಿಡಲಿಲ್ಲ.

“ಅತ್ತೆ, ಅಸಿಂಗ ಮಾಡಬೇಕು, ನಿಮ್ಮ ಮಾನ ಕಳೀಬೇಕು ಅಂತ ಆ ಹೆಸರು ಇಟ್ಟಿದ್ದಲ್ಲ. ಅದು ನಿಮ್ಮ ಬೀಜ. ಯಾರೋ ಹೆಸರು ಕೇಳಿದ್ರು, ನೀವೇ ಬಾಯಿಗೆ ಬಂದ್ರಿ.”

“ಸೆರಿ ಬಿಡು. ಈಗ ತೆಗೆದುಬಿಡು ಅದನ್ನ. ಬೇರೆ ಏನಾದ್ರೂ ಇಡಿ ಅಂತ ಹೇಳು ಅವರಿಗೆ.”

ಇಳಂಗೋ ತಲೆಯೆತ್ತಲಿಲ್ಲ. “ನನ್ನ ಕೈಯಲ್ಲಿ ಇಲ್ಲ ಅತ್ತೆ. ಕೊಚ್ಚಿಯಲ್ಲಿ ಮಾರ್ತಾರೆ, ಬೆಂಗಳೂರಲ್ಲಿ ಮಾರ್ತಾರೆ. ಯಾರು ಬೆಳೀತಾರೋ ನನಗೇ ಗೊತ್ತಿಲ್ಲ. ಆ ಹೆಸರಲ್ಲೇ ಕೇಳ್ತಾರೆ.”

“ಅದು ನಾನು ಅಂತ ಅವರಿಗೆ ಗೊತ್ತಾ?”

“ಗೊತ್ತಿಲ್ಲ.”

ಅವಳು ಅನ್ನದ ಮೇಲೆ ಸಾರು ಸುರಿದಳು. ಆಮೇಲೆ ತಟ್ಟೆಯನ್ನು ಅವನತ್ತ ತಳ್ಳಿ, “ಉಣ್ಣು” ಎಂದಳು.

ಮುಂದಿನ ವರ್ಷ ತೆನ್ಮೊಳಿಗೆ ಹೆಣ್ಣು ಮಗು ಹುಟ್ಟಿತು. ಮಗಳಾದರೆ ಅಮ್ಮನ ಹೆಸರೇ ಎಂದು ಅವಳು ಮದುವೆಗೂ ಮೊದಲೇ ಅಂದುಕೊಂಡಿದ್ದಳು. ನೇಯ್ಗೆಯ ಮನೆತನದ ಅತ್ತೆ ಜಾನಕಿಯಮ್ಮನೂ ಮದುವೆಯಾದ ಹೊಸತರಲ್ಲಿ ಒಪ್ಪಿದ್ದರು. ಈಗ ತೊಟ್ಟಿಲ ಪಕ್ಕದಲ್ಲಿ ಆ ಮಾತು ಬಂದಾಗ ಜಾನಕಿಯಮ್ಮ ಸೀರೆಯ ಅಂಚು ತಿರುವುತ್ತ ಕೂತರು. ಅವರ ಬಾಯಲ್ಲಿ ಅದನ್ನು ಹೇಳಿಸುವುದು ಬೇಡವೆಂದು ಕುಪ್ಪಮ್ಮ ತಾನೇ ಹೇಳಿದಳು.

“ಅದು ಬೇಡ ಬೀಗಿತಿ. ನಾಳೆ ಮಗು ಪಳ್ಳಿಕೂಡಕ್ಕೆ ಓದೋಕೆ ಹೋಗ್ಬೇಕು.”

“ಅವ್ವ, ನೀನು ಯಾವ ತಪ್ಪು ಮಾಡಿದ್ದೀಯ? ನಾನು ಇಡೋದೇ!” ಎಂದು ತೆನ್ಮೊಳಿ ಅಳತೊಡಗಿದಳು.

“ನಿಮ್ಮಪ್ಪ ಒಬ್ಬರು ಪ್ರೀತಿಯಿಂದ ಕರೆದರು, ನನಗೆ ಅದು ಸಾಕು. ಮಗೂಗೆ ಹೊಸದು ಇಡು.”

ಅಜ್ಜಿಯಾದ ಅವಳೇ ಮಗುವಿನ ಕಿವಿಯಲ್ಲಿ ‘ಜನನಿ’ ಎಂದು ಮೂರು ಸಲ ಉಸುರಿದಳು. ಜಾನಕಿಯಮ್ಮ ಎದ್ದುಬಂದು ಅವಳ ಕೈ ಹಿಡಿದುಕೊಂಡರು.

ಕುಪ್ಪಮ್ಮ ಮಗಳ ಮನೆಯಲ್ಲೇ ಉಳಿದಳು. ಹೊಸ ಬೀದಿಯಲ್ಲಿ ಯಾರಾದರೂ ಹೆಸರು ಕೇಳಿದರೆ “ಜನನಿ ಅಜ್ಜಿ” ಎನ್ನುತ್ತಾಳೆ. ನೀರಿನ ಲಾರಿ ಬಂದಾಗ ನೆರೆಯವರು ಹಾಗೆಯೇ ಕೂಗುತ್ತಾರೆ. ಮೊದಮೊದಲು ಎರಡು ಮೂರು ಸಲ ಕರೆಯಬೇಕಾಗುತ್ತಿತ್ತು. ಈಗ ಒಂದೇ ಕೂಗಿಗೆ ಕೊಡ ಹಿಡಿದು ಬರುತ್ತಾಳೆ.