ಬಾಣಂತಿ ಕೋಣೆಯ ಶೇಗಡಿ

ನಾನು ಒಂದು ಶೇಗಡಿ. ಇದ್ದಲಿ ಉರಿಸುವ ಒಲೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಹುಟ್ಟುವಾಗಲೇ ನಾನು ಶೇಗಡಿಯಾಗಿರಲಿಲ್ಲ, ತಳ ತೂತಾದ ಬಕೀಟಾಗಿದ್ದೆ. ಬೀದರಿನ ಹಳೆಯ ಪೇಟೆಯಲ್ಲಿ ಡಬ್ಬಿ ಬಡಿಯುವ ಖಾಜಾಸಾಬ ನನ್ನನ್ನು ಗುಜರಿಯಿಂದ ಎತ್ತಿ ತಂದ. ಹೊಟ್ಟೆಯ ಕೆಳಗೆ ಗಾಳಿ ಆಡಲು ಚೌಕ ಬಾಯಿ ಕತ್ತರಿಸಿದ, ನಡುವೆ ಕಬ್ಬಿಣದ ಸರಳು ಕೂರಿಸಿದ, ಒಳಗೆಲ್ಲ ಹೊಟ್ಟು ಕಲಸಿದ ಮಣ್ಣು ಮೆತ್ತಿ ಬಿಸಿಲಿಗಿಟ್ಟ. ಅದೇ ಅಂಗಡಿಯ ಸೂರಿನಲ್ಲಿ ಹೊಸ ಬಕೀಟುಗಳು ಸಾಲಾಗಿ ತೂಗುತ್ತಿದ್ದವು. ತೂತಿಲ್ಲದ ತಳ, ಕನ್ನಡಿಯಂಥ ಮೈ. ಅವುಗಳನ್ನು ಕಂಡು ನನಗೆ ಮೊದಲ ಸಲ ಹೊಟ್ಟೆಕಿಚ್ಚಾಯಿತು. ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಳ್ಳುವುದೇ ನನ್ನ ಕಸುಬಾದ್ದರಿಂದ ಅದು ನನಗೆ ಅಷ್ಟೇನೂ ಭಾರವಾಗಲಿಲ್ಲ.

ಮೊದಲು ನನ್ನನ್ನು ಕೊಂಡವನು ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಮಾರುತ್ತಿದ್ದವನು. ಒಂದು ವರ್ಷ ಅವನ ಚಹಾ ಕುದಿಸಿದೆ. ಆಮೇಲೆ ಅವನು ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೋವ್ ತಂದ. ಅದು ಭರ್ರೆಂದು ಸದ್ದು ಮಾಡಿದರೆ ಗಿರಾಕಿಗಳು ಅತ್ತಲೇ ನೋಡುತ್ತಿದ್ದರು. ಸದ್ದು ಮಾಡುವವರಿಗೇ ಈ ಲೋಕದಲ್ಲಿ ಬೆಲೆ ಎಂದು ನಾನು ಹಲ್ಲು ಕಡಿದೆ. ಅವನು ನನ್ನನ್ನು ಅಗ್ಗಕ್ಕೆ ಮಾರಿದ. ಕೊಂಡುಕೊಂಡು ಹೋದವಳು ತೇಜಮ್ಮ.

ತೇಜಮ್ಮನಿಗೆ ಆಗ ಚೊಚ್ಚಲ ಬಸಿರು. ಬೀದರಿನ ಥಂಡಿ ಗೊತ್ತಿದ್ದವರಿಗೆ ಗೊತ್ತು. ದೀಪಾವಳಿ ಕಳೆಯಿತೆಂದರೆ ಬೆಳಗಿನ ಗಾಳಿ ತುಟಿ ಒಡೆಸುತ್ತದೆ, ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತದೆ. ಅವಳ ಮಗಳು ಮಹಾನಂದಾ ಹುಟ್ಟಿದ್ದು ಅಂಥದೇ ಒಂದು ಚಳಿಯಲ್ಲಿ. ಬಾಣಂತಿಗೆ ಎರೆದು ಮಲಗಿಸಿದ ಮೇಲೆ ಹಗ್ಗದ ಹೊರಸಿನ ಕೆಳಗೆ ನನ್ನನ್ನು ಇಡುತ್ತಿದ್ದರು. ನನ್ನ ಕೆಂಡದ ಮೇಲೆ ಅಜವಾನ ಉದುರಿಸುತ್ತಿದ್ದರು. ಮೇಲೆ ತಾಯಿ, ಅವಳ ಪಕ್ಕೆಯಲ್ಲಿ ಮಗು, ಕೆಳಗೆ ನಾನು. ನನ್ನ ಶಾಖಕ್ಕೆ ಆ ಕೂಸು ಮುಷ್ಟಿ ಬಿಚ್ಚಿ ನಿದ್ದೆ ಹೋಗುತ್ತಿತ್ತು. ಹೊಸ ಬಕೀಟುಗಳು ಬಾವಿಯ ಹಗ್ಗಕ್ಕೆ ನೇತಾಡಿ ಮೈ ಜಜ್ಜಿಸಿಕೊಳ್ಳುತ್ತಿರುವಾಗ ನಾನು ಮನೆಯ ಒಳಗಿನ ಒಳಗಿದ್ದೆ. ನನಗೆ ಅದೇ ಸಾಕಾಗಿತ್ತು.

ಆಗಿನ ಮನೆ ಮಣ್ಣಿನ ಮಾಳಿಗೆಯದು. ನಡುವೆ ಒಂದು ಬೆಳಕಿಂಡಿ. ಅದರಿಂದ ಬಿಸಿಲು ಇಳಿಯುತ್ತಿತ್ತು, ನನ್ನ ಕಾವು ಮೇಲೆ ಹೋಗುತ್ತಿತ್ತು. ಅದನ್ನು ಯಾರೂ ಮುಚ್ಚುತ್ತಿರಲಿಲ್ಲ, ಯಾಕೆ ಮುಚ್ಚುವುದಿಲ್ಲ ಎಂದು ಯಾರೂ ಕೇಳುತ್ತಲೂ ಇರಲಿಲ್ಲ.

ಥಂಡಿಗೆ ಮನೆ ಸಜ್ಜು ಮಾಡುವುದರಲ್ಲಿ ತೇಜಮ್ಮನನ್ನು ಮೀರಿಸುವವರು ಓಣಿಯಲ್ಲೇ ಇರಲಿಲ್ಲ. ಹೊದೆಯುವ ಕೌದಿಗಳನ್ನೆಲ್ಲ ಬಿಸಿಲಿಗೆ ಹರವಿ ಕೋಲಿನಿಂದ ಬಡಿಯುವಳು. ಕಿಟಕಿಯ ಸಂದಿಗೆ ಹಳೆ ಸೀರೆ ಹರಿದು ತುರುಕುವಳು, ಬಾಗಿಲಿಗೆ ಗೋಣಿತಾಟು ಕಟ್ಟುವಳು. ಶುಂಠಿ, ಬೆಲ್ಲ, ಮೇಣಬತ್ತಿ, ಕಡ್ಡಿಪೆಟ್ಟಿಗೆ, ಒಂದು ಚೀಲ ಇದ್ದಲಿ, ಎಲ್ಲವೂ ಮನೆಗೆ ಬರಬೇಕು. ಎಲ್ಲಕ್ಕೂ ಮೊದಲು ನನಗೆ ಹೊಸ ಮಣ್ಣು ಮೆತ್ತುವಳು. ವರ್ಷಕ್ಕೊಮ್ಮೆ ನನ್ನ ಹಬ್ಬ ಅದು.

ಮುಂದೆ ತೇಜಮ್ಮನ ಗಂಡ ಮಾಣಿಕಪ್ಪ ಊರ ಹೊರಗಿನ ಕಾಲನಿಯಲ್ಲಿ ಸ್ಲ್ಯಾಬ್ ಮನೆ ಕಟ್ಟಿಸಿದ. ನಾನೂ ಸಾಮಾನಿನ ಜೊತೆ ಅಲ್ಲಿಗೆ ಹೋದೆ. ಅಡುಗೆಮನೆಗೆ ಗ್ಯಾಸ್ ಬಂದಿತ್ತು, ಅದಕ್ಕೆ ನಾನು ಮೂಗು ಮುರಿದು ಸುಮ್ಮನಾದೆ. ಚಳಿಗಾಲದ ಸಂಜೆ ಅಂಗಳದಲ್ಲಿ ಗಂಡಹೆಂಡತಿ ನನ್ನ ಸುತ್ತ ಕೂತು ಕೈ ಕಾಯಿಸಿಕೊಳ್ಳುತ್ತಿದ್ದರಲ್ಲ, ಅಷ್ಟಾದರೂ ಇತ್ತು. ಅಲ್ಲದೆ ಮಹಾನಂದಾಳ ಮದುವೆಯಾಗಿತ್ತು. ಇವತ್ತಲ್ಲ ನಾಳೆ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ, ಬಾಣಂತಿ ಕೋಣೆಗೆ ನಾನಿಲ್ಲದೆ ಆಗುವುದಿಲ್ಲ ಎಂದು ಕಾಯುತ್ತಿದ್ದೆ.

ಅವಳು ಬಂದಳು, ಹೆತ್ತಳು. ಗಂಡುಮಗು. ತೇಜಮ್ಮ ನನಗೆ ಮಣ್ಣು ಮೆತ್ತಿ ಸಿದ್ಧ ಮಾಡಿದಳು. ಅದೇ ವಾರ ಅಳಿಯ ಧನರಾಜ ಮಗನನ್ನು ನೋಡಲು ಬಂದವನು ಕಂಕುಳಲ್ಲಿ ಒಂದು ಡಬ್ಬ ತಂದ. ಡಬ್ಬದಿಂದ ಹೊರಬಂದದ್ದು ಒಂದು ಕರೆಂಟಿನ ಹೀಟರ್.

"ಅತ್ತಿ, ಇನ್ಮ್ಯಾಲ ಆ ಬೂದಿ ಕಾಟ ಬ್ಯಾಡ್ರಿ. ಸ್ವಿಚ್ ಹಾಕಿದ್ರ ಆಯ್ತು, ಕ್ವಾಣಿ ತುಂಬ ಕಾವು" ಎಂದ.

ಸ್ವಿಚ್ ಹಾಕಿ ತೋರಿಸಿದ. ಎರಡು ಕಡ್ಡಿಗಳು ಕೆಂಪಗಾದವು. ಊದುವುದಿಲ್ಲ, ಬೀಸುವುದಿಲ್ಲ, ಬೂದಿಯಿಲ್ಲ. ತೇಜಮ್ಮ ಕೈ ಚಾಚಿ, "ಅಯ್ಯ, ಎಷ್ಟ ಛಂದ ಅದ ನೋಡ್ರಿ!" ಎಂದು ಕಣ್ಣರಳಿಸಿದಳು. ನನ್ನನ್ನು ಕಂಡು ಅವಳು ಯಾವತ್ತೂ ಛಂದ ಅಂದಿರಲಿಲ್ಲ. ನನ್ನ ಮೈ ಒಂದೇ ಸಮ ಉರಿಯಿತು, ಒಳಗೆ ಒಂದು ಕೆಂಡವೂ ಇರಲಿಲ್ಲ.

ನನ್ನನ್ನು ಮೆಟ್ಟಿಲ ಕೆಳಗೆ ಇಟ್ಟರು. ಅಲ್ಲಿಂದ ಬಾಣಂತಿ ಕೋಣೆಯ ಬಾಗಿಲು ಕಾಣುತ್ತಿತ್ತು. ದಿನವೂ ಮಗುವಿಗೆ ಎರೆದು ಒಳಗೆ ಒಯ್ಯುವರು, ಟಿಕ್ ಎಂದು ಸ್ವಿಚ್ಚಿನ ಸದ್ದು, ಬಾಗಿಲ ಸಂದಿಯಲ್ಲಿ ಕೆಂಪು ಬೆಳಕು. ಆ ಮಗುವಿನ ತಾಯಿಯನ್ನು ಕಾಯಿಸಿ ದೊಡ್ಡವಳನ್ನಾಗಿ ಮಾಡಿದವನು ನಾನು. ನಿನ್ನೆ ಬಂದ ಆ ತಂತಿ ಬಾಲದ ಡಬ್ಬಿಗೆ ಆ ಮಗುವಿನ ಮೇಲೆ ಎಂಥ ಹಕ್ಕು? ಅದರ ಕಡ್ಡಿ ಮುರಿಯಲಿ ಎಂದೆ. ಕರೆಂಟೇ ಹೋಗಲಿ, ಇಡೀ ಕಾಲನಿಗೆ ಕತ್ತಲೆ ಕವಿಯಲಿ ಎಂದು ಮೂರು ಹೊತ್ತೂ ಹಾರೈಸಿದೆ.

ಹೋಯಿತು. ಆ ಬೆಳಿಗ್ಗೆ ಗಾಳಿ ಜೋರಾಗಿತ್ತು, ಮೂಲೆಯ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಢಬ್ಬೆಂದು ಹಾರಿತು. ಮಾಣಿಕಪ್ಪ ಕೆಲಸಕ್ಕೆ ಹೋಗಿ ಆಗಿತ್ತು. ಬಾಣಂತಿಗೂ ಕೂಸಿಗೂ ಆಗಷ್ಟೇ ಎರೆದು, ಇಬ್ಬರ ತಲೆಯೂ ಒದ್ದೆ. ಹೀಟರ್ ಕಪ್ಪಗಾಗಿ ಹೆಣದ ಹಾಗೆ ಕೂತಿತ್ತು. ತೇಜಮ್ಮ ಗಾಬರಿಯಾಗಲಿಲ್ಲ, ಇಂಥ ಹೊತ್ತಿಗೆಂದೇ ಅಲ್ಲವೆ ಇದ್ದಲಿಯ ಚೀಲ ತರಿಸಿದ್ದು?

"ಕರೆಂಟ್ ಹೋದ್ರ ಹೋಗ್ಲಿ, ನನ್ನ ಶೇಗಡಿ ಅದ" ಎಂದಳು.

ನನ್ನ ಶೇಗಡಿ! ಅಂಗಳದಲ್ಲಿ ಹೊಗೆ ಆರುವವರೆಗೂ ಬೀಸಿ, ಕೆಂಡ ನಿಗಿನಿಗಿ ಆದ ಮೇಲೆ ನನ್ನನ್ನು ಎರಡು ಕೈಯಲ್ಲಿ ಎತ್ತಿ ಒಳಗೆ ಒಯ್ದಳು. ಮಂಚದ ಕೆಳಗೆ, ಹೀಟರಿನ ಎದುರಿಗೇ ಇಟ್ಟಳು. ನಾನು ಅದರ ಕಡೆ ನೋಡಿ ಬೀಗಿದೆ. ಸಂದಿಗಳಿಗೆಲ್ಲ ಸೀರೆಯ ಚೂರು ತುರುಕಿದ್ದೇ ಇತ್ತು, ಹೊರಗೆ ಹೋಗುತ್ತಾ ತೇಜಮ್ಮ ಬಾಗಿಲ ಬುಡಕ್ಕೆ ಗೋಣಿತಾಟು ಒತ್ತಿದಳು. ಬಾಣಂತಿಗೆ ಗಾಳಿ ಹತ್ತಬಾರದು.

ಎಷ್ಟೋ ವರ್ಷದ ಮೇಲೆ ಮತ್ತೆ ಮೇಲೆ ತಾಯಿ, ಪಕ್ಕೆಯಲ್ಲಿ ಮಗು, ಕೆಳಗೆ ನಾನು. ನನ್ನಲ್ಲಿ ಇದ್ದಷ್ಟೂ ಕಾವನ್ನು ಸುರಿದೆ. ಆ ಹೀಟರ್ ನೋಡಿ ಕಲಿಯಲಿ ಎಂದೇ ಸುರಿದೆ.

ಸ್ವಲ್ಪ ಹೊತ್ತಿಗೆ ಮಹಾನಂದಾ ಒಳಗಿಂದ, "ಅವ್ವಾ, ತಲಿ ಸಿಡಿಲತ್ತದ" ಎಂದಳು.

"ತಲಿ ಹಸಿ ಅದಲಾ, ಅದಕ್ಕ. ಸುಮ್ಮ ಮಕ್ಕೊ" ಎಂದು ತೇಜಮ್ಮ ಅಡುಗೆಮನೆಯಿಂದಲೇ ಅಂದಳು.

ಅವಳು ಮಲಗಿದಳು. ಅಳುತ್ತಿದ್ದ ಕೂಸೂ ಸುಮ್ಮನಾಯಿತು. ನೋಡು, ನಾನು ಬಂದ ಕೂಡಲೇ ಹೇಗೆ ನಿದ್ದೆ ಹೋದರು ಎಂದು ನಾನು ಹೀಟರನ್ನು ಹಂಗಿಸಿದೆ. ಅಂಥ ನಿಶ್ಶಬ್ದವನ್ನು ನಾನು ಹಳೆಯ ಮನೆಯಲ್ಲೂ ಕೇಳಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಬಂತು. ಆಫ್ ಮಾಡದೆ ಬಿಟ್ಟಿದ್ದ ಹೀಟರಿನ ಕಡ್ಡಿಗಳು ಕೆಂಪಗಾದವು, ನನ್ನ ಖುಷಿ ಮಣ್ಣುಪಾಲಾಯಿತು. ಇನ್ನು ಸ್ವಲ್ಪ ಹೊತ್ತು ಬಿಟ್ಟು ಬರಬಾರದಿತ್ತೆ ಎಂದು ಶಪಿಸಿದೆ. ಹೊರಗೆ ತೇಜಮ್ಮನ ಹೆಜ್ಜೆಯ ಸದ್ದು.

"ಬಂತ್ ನೋಡು ಕರೆಂಟ್. ಶೇಗಡಿ ತೆಗೀತೀನಿ ತಡಿ ನಂದಾ, ನಿನ್ ಗಂಡನ ಹೀಟರೇ ಇರ್ಲಿ" ಎನ್ನುತ್ತಾ ಬಾಗಿಲು ತಳ್ಳಿದಳು.

ಮಗಳ ಬಾಯಿಯ ಪಕ್ಕ ವಾಂತಿ ಹರಿದಿತ್ತು. ತೇಜಮ್ಮ ಅಲುಗಿಸಿದಳು, ಕೆನ್ನೆಗೆ ಹೊಡೆದಳು, ಕತ್ತು ಆ ಕಡೆ ಬಿತ್ತು. ಕೂಸನ್ನು ಎತ್ತಿದಳು. ಅದರ ಕೈಕಾಲು ಬಟ್ಟೆಯ ಗೊಂಬೆಯಂತೆ ಜೋತುಬಿದ್ದವು. "ಇಸ್ಮಾಯಿಲಾ! ಓಡಿ ಬಾರೋ, ನನ್ ಮಗಳ ಏಳವಲ್ಲಳು!" ಎಂದು ಅವಳು ಕೂಗಿದ ಕೂಗು ಈಗಲೂ ನನ್ನ ತಗಡಿನಲ್ಲಿದೆ. ಎದುರು ಮನೆಯ ಆಟೋದ ಇಸ್ಮಾಯಿಲ್ ಓಡಿ ಬಂದು ಕಿಟಕಿಯ ಗಾಜನ್ನೇ ಒಡೆದ. ಇಬ್ಬರನ್ನೂ ಅಂಗಳಕ್ಕೆ ಎಳೆದು ತಂದರು. ತಣ್ಣನೆಯ ಗಾಳಿ, ಯಾವುದು ಹತ್ತಬಾರದೆಂದು ಊರೆಲ್ಲ ಹೆದರುತ್ತದೋ ಅದೇ ಗಾಳಿ, ಕೂಸಿನ ಮುಖಕ್ಕೆ ಬಡಿಯಿತು. ಕೂಸು ಒಮ್ಮೆ ಬಿಕ್ಕಿ ಉಸಿರೆಳೆದುಕೊಂಡಿತು. ಆಟೋ ದವಾಖಾನೆಗೆ ಓಡಿತು.

ಇಬ್ಬರೂ ಬದುಕಿದರು. ಇನ್ನು ಸ್ವಲ್ಪ ಹೊತ್ತು ಆಗಿದ್ದರೆ ಉಳಿಯುತ್ತಿರಲಿಲ್ಲವಂತೆ. ಹೊಗೆ ಕಾಣದಿದ್ದರೂ ಕೆಂಡ ವಿಷ ಬಿಡುತ್ತದೆ, ಅದಕ್ಕೆ ಹೋಗಲು ದಾರಿ ಬೇಕು ಎಂದು ಡಾಕ್ಟರರು ಹೇಳಿದರಂತೆ. ಮನೆಗೆ ಬಂದ ತೇಜಮ್ಮ ಆ ಕೋಣೆಯಲ್ಲಿ ನಿಂತು ಮೇಲೆ ಸ್ಲ್ಯಾಬನ್ನು ನೋಡಿದಳು.

"ಹಳೀ ಮನ್ಯಾಗ ಬೆಳಕಿಂಡಿ ಇತ್ತು" ಎಂದಳು ಗಂಡನಿಗೆ. "ನಮ್ ಕೈಲೆ ನಾವೇ ಎಲ್ಲಾ ಮುಚ್ಚಿದ್ವಿ."

ಆಮೇಲೆ ಸಂದಿಯಲ್ಲಿದ್ದ ಸೀರೆಯ ಚೂರುಗಳನ್ನೆಲ್ಲ ಕಿತ್ತು ಬಿಸಾಕಿದಳು. ನನ್ನನ್ನು ಗುಜರಿಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಕಲಿಲ್ಲ. ಬಯ್ಯಲೂ ಇಲ್ಲ. ಅಂಗಳದ ಬಚ್ಚಲ ಪಕ್ಕದಲ್ಲಿ ಇಟ್ಟಳು.

ಈಗ ನನಗೆ ವಯಸ್ಸಾಗಿದೆ. ಒಂದು ಸರಳು ಬಿದ್ದಿದೆ, ತಗಡು ತುಕ್ಕು ಹಿಡಿದಿದೆ. ಚಳಿಗಾಲದಲ್ಲಿ ಒಮ್ಮೊಮ್ಮೆ ನನ್ನ ಮೇಲೆ ಒಂದು ಹಂಡೆ ನೀರು ಕಾಯುತ್ತದೆ. ಕೂಸು ಈಗ ನಡೆಯುವ ಹುಡುಗ, ತವರಿಗೆ ಬಂದಾಗಲೆಲ್ಲ ಒಳಗಿಂದ ಅವನ ನಗು ಕೇಳಿಸುತ್ತದೆ. ಕಿಟಕಿ ಒಂದು ಗೇಣು ತೆರೆದೇ ಇರುತ್ತದೆ. ಅದರಲ್ಲಿ ಹೀಟರಿನ ಕೆಂಪು ಕಾಣುತ್ತದೆ. ಹೊಟ್ಟೆಕಿಚ್ಚು ಹೋಗಿಲ್ಲ, ಹೋಗುವುದೂ ಇಲ್ಲ. ಇವತ್ತಿಗೂ ಕರೆಂಟ್ ಹೋದರೆ, ಈಗಲಾದರೂ ಒಳಗೆ ಕರೆದಾಳು ಎಂದು ನನ್ನ ಜೀವವೆಲ್ಲ ಆ ಬಾಗಿಲ ಕಡೆ ತಿರುಗುತ್ತದೆ. ಕರೆದರೆ ನಾನು ಹೋಗಿಯೇ ಬಿಡುತ್ತೇನೆ.

ತೇಜಮ್ಮ ಕರೆಯುವುದಿಲ್ಲ. ಇನ್ನೊಂದು ಕೌದಿ ತಂದು ಮೊಮ್ಮಗನಿಗೆ ಹೊದಿಸುತ್ತಾಳೆ.