ಅಕ್ಷತೆಯ ಆಚೆ

"ಆಟೋ ಫೋಕಸ್ ಆಫ್ ಮಾಡು ಅಂತ ನಿಂಗ್ಯಾವನ್ಲಾ ಹೇಳ್ದೋನು? ಕ್ಯಾಮೆರಾ ನಂದು. ಕೆಟ್ಟೋದ್ರೆ ಉಗಿಸ್ಕೊಳ್ಳೋ ಮಖಾನೂ ನಂದೇ."

ಶಶಿಕುಮಾರನ ದನಿ ಏರಿದ್ದಕ್ಕೆ ಓಲಗದವರು ತಿರುಗಿ ನೋಡಿದರು. ಮೂಕಂಡಪಲ್ಲಿಯ ಛತ್ರ, ಮುಹೂರ್ತಕ್ಕೆ ಮುಕ್ಕಾಲು ಗಂಟೆ. ಹೆಣ್ಣು ಕೂರಬೇಕಾದ ಹಸೆಮಣೆಯ ಮೇಲೆ ಮೋಹನ ಅಕ್ಕಿಯ ಡಬ್ಬ ನಿಲ್ಲಿಸಿ, ಅದರ ಮೇಲೆ ಜುಟ್ಟಿನ ತೆಂಗಿನಕಾಯಿ ಇಟ್ಟಿದ್ದ. ಶಶಿಯ ಕ್ಯಾಮೆರಾದ ಲೆನ್ಸಿನ ಫೋಕಸ್ ಉಂಗುರಕ್ಕೆ ಬಿಳಿ ಟೇಪಿನ ಎರಡು ಚೂರು ಅಂಟಿಸಿದ್ದ.

ಗಡ್ಡದ ಮೋಹನ ಕೃಷ್ಣಗಿರಿಯವನು, ಶಶಿಗಿಂತ ಹತ್ತು ವರ್ಷ ದೊಡ್ಡವನು. ದೊಡ್ಡ ಕ್ಯಾಸೆಟ್ಟಿನ ಕಾಲದಿಂದಲೂ ಮದುವೆ ವೀಡಿಯೊ ತೆಗೆದ ಕೈ. ಇವತ್ತು ಎರಡನೇ ಕ್ಯಾಮೆರಾಕ್ಕೆಂದು ಶಶಿಯೇ ಕರೆಸಿದ್ದ. ಬೆಳಗಿನವರೆಗೂ ಬಾಯ್ತುಂಬ ಮೋಹನಣ್ಣ ಅನ್ನುತ್ತಿದ್ದವನು ಈಗ ಅಣ್ಣನನ್ನು ನುಂಗಿಬಿಟ್ಟಿದ್ದ.

ಮೋಹನ ಸಮಾಧಾನದಿಂದಲೇ ಹೇಳಿದ. ಕ್ಯಾಮೆರಾಗೆ ಮದುವೆ ಗೊತ್ತಿಲ್ಲ, ಮುಂದೆ ಏನು ಹಾರಿದರೆ ಅದನ್ನು ಹಿಡಿಯಲು ಓಡುತ್ತದೆ. ಹೆಣ್ಣಿನ ಕೊರಳು ಬರುವ ಎತ್ತರಕ್ಕೆ ಕಾಯಿ ಇಟ್ಟಿದ್ದೇನೆ. ಪರದೆಯಲ್ಲಿ ಚಿತ್ರವನ್ನು ಹತ್ತುಪಟ್ಟು ಹಿಗ್ಗಿಸಿ, ಜುಟ್ಟಿನ ಒಂದೊಂದು ನಾರೂ ಬೇರೆಬೇರೆ ಕಾಣುವ ತನಕ ಉಂಗುರ ತಿರುಗಿಸಿದ್ದೇನೆ. ಮೊದಲ ಟೇಪು ಅದರ ಗುರುತು. ಹೆಣ್ಣು ಗೇಣುದ್ದ ಮುಂದೆ ಬಾಗಿದರೆ ಎರಡನೆಯದು. ಇನ್ನು ಆಕಾಶ ಕಳಚಿ ಬಿದ್ದರೂ ಕ್ಯಾಮೆರಾ ತಾನಾಗಿ ಹುಡುಕಬಾರದು.

ಶಶಿಗೆ ಇದು ಅರ್ಥವಾಗದ್ದೇನಲ್ಲ. ಆದರೆ ಹೋದ ವರ್ಷದ ಭಯ ಎದೆಯೊಳಗೆ ಗೂಡು ಕಟ್ಟಿತ್ತು. ಸೂಳಗಿರಿಯ ಪಕ್ಕ ಗುಲಾಬಿ ಬೆಳೆಯುವ ವೆಂಕಟರಮಣಪ್ಪನ ಹಿರಿಮಗಳ ಮದುವೆ. ತಾಳಿ ಕಟ್ಟುವ ಗಳಿಗೆಗೆ ನೂರಾರು ಕೈಗಳಿಂದ ಅಕ್ಷತೆ ಹಾರಿತು, ಕ್ಯಾಮೆರಾ ಆ ಕಾಳುಗಳ ಬೆನ್ನು ಹತ್ತಿತು. ವೀಡಿಯೊದಲ್ಲಿ ಅಕ್ಕಿ ಮುತ್ತಿನಂತೆ ಹೊಳೆಯುತ್ತಿತ್ತು, ಗಂಡುಹೆಣ್ಣು ಗೋಡೆಗೆ ಒರೆಸಿದ ಅರಿಸಿನದಂತೆ ಕದಡಿಹೋಗಿದ್ದರು. "ಅಕ್ಕಿಕಾಳ್ಗೇ ಮದ್ವೆ ಮಾಡ್ಬುಟ್ಟವ್ನೆ" ಎಂದು ಹೆಣ್ಣಿನ ಅಜ್ಜಿ ಪಿಳ್ಳಮ್ಮ ಅಂದದ್ದು ಸುತ್ತಲ ಹತ್ತು ಹಳ್ಳಿಗೆ ಹಬ್ಬಿತು. ಶಶಿಯನ್ನು ಕರೆಯುವವರೇ ಇಲ್ಲವಾದರು. ಹಾಗಿದ್ದೂ ಕಿರಿಮಗಳು ರಮ್ಯಳ ಮದುವೆಗೆ ವೆಂಕಟರಮಣಪ್ಪ ಅವನನ್ನೇ ಕರೆದಿದ್ದ. ಎಡವಿದವನು ಕಾಲು ನೋಡಿಕೊಂಡು ನಡೆಯುತ್ತಾನೆ ಅನ್ನುವುದು ಆ ಮನುಷ್ಯನ ಲೆಕ್ಕ.

"ಕೈ ನಡುಗೋ ವಯಸ್ಸು ನಿಂದು. ಇವತ್ತೂ ಹೋದ್ರೆ ನಾನು ಅಂಗಡಿ ಬಾಗ್ಲು ಮುಚ್ಬೇಕು. ಕಾಯಿ ಎತ್ಕೊಂಡು ಹೊಂಟೋಗು ಅತ್ಲಾಗೆ" ಎಂದ ಶಶಿ.

ಮೋಹನನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಗಲಾಟೆ ಕೇಳಿ ವೆಂಕಟರಮಣಪ್ಪ ಬಂದ. ಯಾರದು ಸರಿ ಯಾರದು ತಪ್ಪು ಎಂದು ವಿಚಾರಿಸಲಿಲ್ಲ. ಶಶಿಯ ಹೆಗಲ ಮೇಲೆ ಕೈಯಿಟ್ಟು, "ಜಗಳ ಆಮ್ಯಾಕೆ ಆಡಪ್ಪಾ. ನಂಗೆ ಮೂರ್ನೇ ಮಗಳಿಲ್ಲ" ಎಂದಷ್ಟೇ ಹೇಳಿ ಹೋದ.

ಕಡೆಗೆ ಮೋಹನನೇ ಕಾಯಿಯನ್ನೂ ಡಬ್ಬವನ್ನೂ ಎತ್ತಿಟ್ಟು ಬಂದ. "ನೀನು ಕ್ಯಾಮೆರಾ ಹಿಡಿ. ಉಂಗ್ರ ನಂಗೆ ಬುಡು, ಮೂರು ಗಂಟು ಬೀಳೋಗಂಟ. ಆಮ್ಯಾಕೆ ನಿನ್ ಕಡೆ ತಲೆ ಹಾಕಿ ಮಲ್ಗಾಕಿಲ್ಲ."

ಶಶಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಮೋಹನ ತನಗೆಂದು ಶಶಿ ಕೊಟ್ಟಿದ್ದ ಎರಡನೇ ಕ್ಯಾಮೆರಾವನ್ನು ಮಂಟಪದ ಪಕ್ಕದಲ್ಲಿ ಸ್ಟ್ಯಾಂಡಿಗೇರಿಸಿ, ಅದರಷ್ಟಕ್ಕೆ ಓಡಲು ಬಿಟ್ಟ. ಲೈಟಿನವನಿಗೆ ತಮಿಳಿನಲ್ಲಿ ಹೇಳಿ ಇನ್ನೊಂದು ದೀಪ ಹಾಕಿಸಿದ. ಲೆನ್ಸಿನ ಬಾಯಿ ಕಿರಿದು ಮಾಡಿದರೆ ಹಿಂದುಮುಂದು ಸ್ವಲ್ಪ ಹೆಚ್ಚೇ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಅದು ಬೆಳಕು ಕೇಳುತ್ತದೆ.

ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಎಂದರು. ಡೋಲು ಒಮ್ಮೆಲೇ ಮೊರೆಯಿತು, ಅಕ್ಷತೆ ಹಾರಿತು. ಶಶಿ ಪರದೆ ನೋಡಿದ. ಕಾಳುಗಳು ಹಳದಿ ಮಂಜಿನಂತೆ ಹಾದುಹೋದವು. ಅವುಗಳ ಆಚೆ ರಮ್ಯಳ ಕೊರಳು, ಅರಿಸಿನದ ದಾರ, ಗಂಟು ಹಾಕಲು ತಡಕಾಡುತ್ತಿದ್ದ ಗಂಡಿನ ಬೆರಳು, ಎಲ್ಲ ನಿಚ್ಚಳವಾಗಿದ್ದವು. ಎರಡನೇ ಗಂಟಿಗೆ ರಮ್ಯ ಅಜ್ಜಿಯನ್ನು ಹುಡುಕುತ್ತ ಮುಂದಕ್ಕೆ ಬಾಗಿದಳು. ಮುಖ ಮಸುಕಾಗುತ್ತಿದೆ ಅನ್ನುವಷ್ಟರಲ್ಲಿ ಮೋಹನನ ಹೆಬ್ಬೆರಳು, ಕೂಸಿನ ಕಿವಿಗೆ ಎಣ್ಣೆ ಬಿಡುವವರ ನಿಧಾನದಲ್ಲಿ, ಉಂಗುರವನ್ನು ಮೊದಲ ಟೇಪಿನಿಂದ ಎರಡನೆಯದಕ್ಕೆ ತಂದಿತು. ಆ ಕೈ ನಡುಗಲಿಲ್ಲ. ಮೂರನೇ ಗಂಟೂ ಬಿತ್ತು.

ಹಸೆಯ ಸುತ್ತ ಜನ ಮುತ್ತಿಕೊಂಡರು. ಸ್ವಲ್ಪ ಬಿಡುವಾದಾಗ ವೆಂಕಟರಮಣಪ್ಪ ತಾಯಿಯನ್ನು ಕೈಹಿಡಿದು ಕರೆತಂದ. ಶಶಿ ಆ ತುಣುಕನ್ನು ಹಾಕಿ ತೋರಿಸಿದ. ಪಿಳ್ಳಮ್ಮ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. "ನಮ್ ಮಗೀನ ಕಣ್ಣಾಗೆ ನೀರೈತೆ ಕಣಪ್ಪಾ" ಎಂದು ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು. ಶಶಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿನ್ ಕೈ ತಣ್ಣಗಿರ್ಲಿ."

"ನನ್ ಕೈಯಲ್ಲ ಕಣವ್ವಾ, ಮೋಹನಣ್ಣಂದು" ಎಂದು ಶಶಿ ಹಿಂದಕ್ಕೆ ತಿರುಗಿದ.

ಹಿಂದೆ ಯಾರೂ ಇರಲಿಲ್ಲ. ಎರಡನೇ ಕ್ಯಾಮೆರಾವನ್ನು ಮುಚ್ಚಳ ಹಾಕಿ ಚೀಲದಲ್ಲಿಟ್ಟು, ಜಿಪ್ಪೂ ಎಳೆದಾಗಿತ್ತು. ಗಡ್ಡದ ಒಬ್ಬರು ಆಗಲೇ ಬಸ್ಸಿನ ಕಡೆ ಹೋದರೆಂದು ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದವಳು ಹೇಳಿದಳು. ಶಶಿ ರಸ್ತೆಯವರೆಗೂ ಓಡಿದ. ಕೃಷ್ಣಗಿರಿಯ ಬಸ್ಸೊಂದು ಹೋಗಿ ಧೂಳೆದ್ದಿತ್ತು. ಫೋನು ಮಾಡಿದ. ಪೂರ್ತಿ ಬಡಿದು ನಿಂತಿತು. ಮತ್ತೆ ಮಾಡಿದ, ಆಗಲೂ ಮೋಹನ ಎತ್ತಲಿಲ್ಲ.

ಎರಡನೇ ಪಂಕ್ತಿಗೆ ಊಟಕ್ಕೆ ಕೂತಾಗ ಪಕ್ಕದ ಎಲೆಯ ಮೇಲೆ ಕರವಸ್ತ್ರ ಹಾಕಿದ್ದ. ಒಬ್ಬರು ಬಂದು ಕೂರಲು ನೋಡಿದರು, ಜನ ಅವ್ರೆ ಎಂದ. ಬಡಿಸುವವನು ಪಾಯಸದ ಬಕೆಟ್ಟು ಹಿಡಿದು ನಿಂತು, ಇದಕ್ಕೂ ಹಾಕಲೋ ಎಂದು ಕೇಳಿದ.

"ಬಡ್ಸಪ್ಪಾ. ನಮ್ಮಣ್ಣ ಬತ್ತಾನೆ."

ಶಶಿ ಕರವಸ್ತ್ರ ತೆಗೆದು, ನೀರು ಚಿಮುಕಿಸಿ ಆ ಎಲೆಯನ್ನು ಒರೆಸಿದ. ಬಡಿಸಿದ ಪಾಯಸ ತೆಳ್ಳಗಿತ್ತು, ಎಲೆಯ ಅಂಚಿಗೆ ಹರಿಯತೊಡಗಿತು. ಅವನು ತನ್ನ ಊಟ ಬಿಟ್ಟು, ಆ ಎಲೆಯ ಅಂಚನ್ನು ಎಡಗೈಯಿಂದ ಮೇಲಕ್ಕೆ ಎತ್ತಿ ಹಿಡಿದು ಕೂತ.