ಬಂಡೆಗೆ ತಾಗಿದ್ದ ಹಿಮ

ಭದ್ರಾವತಿಯ ನ್ಯೂ ಟೌನಿನ ಶಾಲೆಯಲ್ಲಿ ಭೂಗೋಳ ಕಲಿಸಿದ ಅಷ್ಟೂ ವರ್ಷ ಸೀತಾ ಮೇಡಂ ಹಲಗೆಯ ಮೇಲೆ ಒಂದೇ ಚಿತ್ರ ಬರೆದಿದ್ದರು: ಆನೆಬೆನ್ನಿನಂಥ ಬಂಡೆ, ಅದಕ್ಕೆ ತಾಗಿಕೊಂಡು ಹಿಮನದಿಯ ತುದಿ, ಅದರ ಬುಡದಿಂದ ಹೊರಡುವ ಗಂಗೆ. ಮೂವತ್ತು ವರ್ಷದ ಹಿಂದೆ ಒಬ್ಬರೇ ಗೋಮುಖಕ್ಕೆ ಹೋಗಿ ಕಣ್ಣಾರೆ ಕಂಡು ಬಂದಿದ್ದ ನೋಟ ಅದು. ಪಠ್ಯಪುಸ್ತಕದ ಚಿತ್ರವನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಿವೃತ್ತರಾಗಿ ಶಿವಮೊಗ್ಗದ ಗೋಪಾಳದಲ್ಲಿ ಒಂಟಿಯಾಗಿದ್ದ ಅವರಿಗೆ ಇವತ್ತು ಬೆಳಿಗ್ಗೆ ಹಳೆಯ ವಿದ್ಯಾರ್ಥಿನಿ ಕವನಾಳ ಮೆಸೇಜು ಬಂತು. ಜೊತೆಗೊಂದು ಫೋಟೋ. "ಮೇಡಂ, ಗೋಮುಖಕ್ಕೆ ಹೋಗಿದ್ದೆ. ನಿಮ್ಮ ಬಂಡೆ ಸಿಕ್ತು. ಅಲ್ಲಿ ಹಿಮಾನೇ ಇಲ್ಲ, ಇನ್ನೂ ಅರ್ಧ ಗಂಟೆ ನಡೀಬೇಕಾಯ್ತು. ನೀವು ಚಿತ್ರ ತಪ್ಪು ಬರೆದಿದ್ರಾ?"

ಸೀತಾ ಅವರಿಗೆ ರೇಗಿಹೋಯಿತು. ಫೋಟೋ ದೊಡ್ಡದು ಮಾಡಿ ನೋಡಿದರು. ಬಂಡೆ ಅದೇ. ಸುತ್ತ ಬರೀ ಕಲ್ಲು, ಬೂದು ಮಣ್ಣು. ಹಿಮ ಹಿಂದೆ ಸರಿಯುತ್ತಿದೆ ಎಂದು ಪೇಪರಿನಲ್ಲಿ ಓದುತ್ತಲೇ ಇದ್ದರು. ಆದರೆ ಅದು ತಮ್ಮ ಬಂಡೆಯನ್ನೂ ಬಿಟ್ಟುಹೋದೀತೆಂದು ಎಣಿಸಿರಲಿಲ್ಲ.

ಅಂದು ತಂದ ಗಂಗೆಯ ತಾಮ್ರದ ಗಿಂಡಿ, ಬೆಸುಗೆ ಹಾಕಿ ಮುಚ್ಚಿದ್ದು, ದೇವರ ಗೂಡಿನಲ್ಲಿತ್ತು. ಪ್ರಾಣ ಹೋಗುವಾಗ ಯಾರಾದರೂ ಬಾಯಿಗೆ ಬಿಡಲಿ ಎಂದು ಇಟ್ಟುಕೊಂಡದ್ದು. ಆ ಯಾರಾದರೂ ಯಾರೆಂದು ಇನ್ನೂ ಗೊತ್ತಾಗಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ನೀರು ಕುಲುಕಿತು.

"ಚಿತ್ರ ಸರಿಯಾಗೇ ಇತ್ತು. ಆ ಹಿಮದ್ದು ಒಂದು ಗಿಂಡಿ ನೀರು ನಮ್ಮನೇಲಿದೆ. ಬಂದು ನೋಡ್ಕೊಂಡು ಹೋಗು, ಮಾರಾಯ್ತಿ" ಎಂದು ಬರೆದರು.

ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು. ಬರುತ್ತೇನೆ ಎಂದೋ, ಸರಿ ಬಿಡಿ ಎಂದೋ ತಿಳಿಯಲಿಲ್ಲ. ಸೀತಾ ಹುಣಿಸೆಹಣ್ಣು ನೆನೆಹಾಕಿ ಗಿಂಡಿ ಬೆಳಗಲು ಕೂತರು.